ಮೈಸೂರಿಗೆ ಹೊರಡುವ ಮುನ್ನ: ಕೊಡಗಿನಲ್ಲಿ ತುರ್ತು ಚಿಕಿತ್ಸೆಗೆ ಸಿದ್ಧವಾಗುವುದು ಎಂದರೇನು?

2025ರ ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ ಪಕ್ಕದ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದವು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಸಾವು, ಅವರಲ್ಲಿ ವಯಸ್ಸಾಗದವರೂ ಇದ್ದಾರೆ ಎಂಬ ಮಾತು ಹರಡಿತು. ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಎದುರು ಎದೆನೋವು ಇದ್ದವರು, ಇಲ್ಲದವರು ಎಲ್ಲರೂ ಸಾಲು ನಿಂತರು. ಕೋವಿಡ್ ಲಸಿಕೆಯೇ ಕಾರಣ ಎಂದು ಕೆಲವರು ಹೇಳಿದರು. ಐಸಿಎಂಆರ್ ಮತ್ತು ಏಮ್ಸ್ ಅಧ್ಯಯನಗಳಲ್ಲಿ ಅಂಥ ನಂಟು ಕಂಡಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಉತ್ತರಿಸಿತು. ರಾಜ್ಯ ನೇಮಿಸಿದ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಆದರೆ ಹಾಸನದಲ್ಲಿ ಅಸಹಜ ಏರಿಕೆಯೇನೂ ಇಲ್ಲ ಎಂದಿತು. ಸತ್ತವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಮನೆತನದ ಹೃದ್ರೋಗ ಹೀಗೆ ಒಂದಲ್ಲ ಒಂದು ಹಿನ್ನೆಲೆ ಇತ್ತು.

ಆ ಗದ್ದಲದ ಬೆನ್ನಿಗೇ ಸರ್ಕಾರದ ಘೋಷಣೆಗಳು ಬಂದವು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವನ್ನು ವರದಿ ಮಾಡಬೇಕು, ಜನ ಸೇರುವ ಕಡೆ ನಿಂತ ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರ ಇಡಬೇಕು, ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ ಹೃದಯ ಜ್ಯೋತಿ ಯೋಜನೆಯನ್ನು ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ ವಿಸ್ತರಿಸಬೇಕು ಎಂಬುದು ಅವುಗಳ ಸಾರ. ಅದೇ ವರ್ಷ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ಕೆಲಸದ ಜಾಗದಲ್ಲಿ ಆರೋಗ್ಯ ಯಾರ ಹೊಣೆ ಎಂಬ ಪ್ರಶ್ನೆಯೂ ಇದಕ್ಕೆ ಸೇರಿಕೊಂಡಿತು.

ಇಷ್ಟೆಲ್ಲ ಸುದ್ದಿ ಓದಿದ ಮೇಲೂ ಸಿದ್ದಾಪುರದ ತೋಟದಲ್ಲೋ ಸೋಮವಾರಪೇಟೆಯ ಅಂಗಡಿಯಲ್ಲೋ ಇರುವವರಿಗೆ ಒಂದು ಪ್ರಶ್ನೆ ಹಾಗೇ ಉಳಿದಿದೆ. ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಒಬ್ಬರಿಗೆ ಎದೆ ಹಿಂಡಿದರೆ ಮೊದಲು ಏನು ಮಾಡಬೇಕು, ಎಲ್ಲಿಗೆ ಹೋಗಬೇಕು?

ಹಳೆಯ ಬೇಡಿಕೆ, ಹೊಸ ವಾದ

ಕೊಡಗಿನಲ್ಲಿ ಈ ಚರ್ಚೆ ಹಾಸನದಿಂದ ಶುರುವಾದದ್ದಲ್ಲ. 2019ರ ಜೂನ್‌ನಲ್ಲಿ ಉತ್ತರ ಕನ್ನಡದವರ ಇಂಥದೇ ಅಭಿಯಾನದ ಬೆನ್ನಲ್ಲೇ ಕೊಡಗಿನ ಯುವಜನರು ಜಿಲ್ಲೆಗೊಂದು ಸುಸಜ್ಜಿತ ತುರ್ತು ಚಿಕಿತ್ಸಾ ಆಸ್ಪತ್ರೆ ಬೇಕೆಂದು ಟ್ವಿಟರಿನಲ್ಲಿ ಎದ್ದು ನಿಂತಿದ್ದರು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಅದಕ್ಕಿಂತ ತುಸು ಹೆಚ್ಚು, ನಡುವೆ ಸಂಪಾಜೆ ಘಾಟಿ. ತಲೆಗೆ ಪೆಟ್ಟಾದವರನ್ನು, ಹೃದಯಾಘಾತವಾದವರನ್ನು ಹೊತ್ತುಕೊಂಡು ಅಷ್ಟು ದೂರ ಓಡುವುದರಲ್ಲಿ ದಾರಿಯಲ್ಲೇ ಪ್ರಾಣ ಹೋಗುತ್ತದೆ ಎಂಬುದು ಅವರ ವಾದ. ಅದರಲ್ಲಿ ಅತಿಶಯೋಕ್ತಿ ಇಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಮಾತಿದೆ. 2016ರಲ್ಲಿ ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು, ತಾಲ್ಲೂಕು ಆಸ್ಪತ್ರೆಗಳಿವೆ, 108 ಇದೆ. ಜನಕ್ಕೆ ಪ್ರಥಮ ಚಿಕಿತ್ಸೆ ಗೊತ್ತಿಲ್ಲದಿರುವುದೇ ದೊಡ್ಡ ಕೊರತೆ ಎನ್ನುತ್ತಾರೆ ಈ ಕಡೆಯವರು. ಹಾಗೆ ಹೇಳುವವರಲ್ಲಿ ಕೆಲವರಿಗೆ ಆಸ್ಪತ್ರೆಯ ಬೇಡಿಕೆಯನ್ನು ಮೆಲ್ಲಗೆ ಬದಿಗೆ ಸರಿಸುವ ಅನುಕೂಲವೂ ಇದೆ ಎನ್ನದೆ ವಿಧಿಯಿಲ್ಲ.

ಎರಡೂ ವಾದಗಳು ನಡುವಿನ ಒಂದು ಸಂಗತಿಯನ್ನು ಬಿಟ್ಟುಬಿಡುತ್ತವೆ. ಇರುವ ಆಸ್ಪತ್ರೆಗಳಲ್ಲಿ ಯಾವ ಆಪತ್ತಿಗೆ ಯಾವುದು ಸರಿ ಎಂಬ ತಿಳಿವಳಿಕೆ ಮನೆಗಳಲ್ಲೂ ಇಲ್ಲ, ತೋಟಗಳಲ್ಲೂ ಇಲ್ಲ. ಗೊತ್ತಿಲ್ಲದಾಗ ಎಲ್ಲರೂ ಮಾಡುವುದು ಒಂದೇ: ಕಾರು ತೆಗೆದು ನೇರ ಮೈಸೂರಿಗೆ. ಕೆಲವು ಕಾಯಿಲೆಗಳಿಗೆ ಅದೇ ಸರಿ. ಹೃದಯಾಘಾತಕ್ಕೂ ಹಾವಿನ ಕಡಿತಕ್ಕೂ ಅದು ಬಹುಪಾಲು ತಪ್ಪು.

ಹೃದಯಾಘಾತ ಬೇರೆ, ಹೃದಯ ನಿಲ್ಲುವುದು ಬೇರೆ

ಸುದ್ದಿಯಲ್ಲಿ ಎರಡನ್ನೂ ಒಂದೇ ಎಂಬಂತೆ ಬರೆಯುತ್ತಾರೆ. ಹೃದಯಾಘಾತ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳದಲ್ಲಿ ಹೆಪ್ಪು ಕಟ್ಟಿ, ಆ ಭಾಗ ನಿಧಾನವಾಗಿ ಸಾಯತೊಡಗುವುದು. ರೋಗಿಗೆ ಎಚ್ಚರ ಇರುತ್ತದೆ, ಮಾತಾಡುತ್ತಾರೆ, ಬೆವರುತ್ತಾರೆ. ಎಡಗೈಗೋ ದವಡೆಗೋ ನೋವು ಹರಿಯಬಹುದು. ಸಕ್ಕರೆ ಕಾಯಿಲೆಯವರಿಗೆ ಮತ್ತು ಹೆಂಗಸರಿಗೆ ಬರೀ ಸುಸ್ತು, ವಾಕರಿಕೆ, ಹೊಟ್ಟೆಯ ಮೇಲ್ಭಾಗದ ಉರಿಯಾಗಿ ಕಾಣಿಸಿಕೊಳ್ಳುವುದೂ ಉಂಟು. ಅದನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿಸಿ ಮಲಗಿಸಿದರೆ ಎರಡು ಮೂರು ಗಂಟೆ ಕಳೆದುಹೋಗುತ್ತದೆ. ಇಲ್ಲಿ ಸಮಯವನ್ನು ಗಂಟೆಗಳಲ್ಲಿ ಎಣಿಸಬೇಕು.

ಹೃದಯ ನಿಂತರೆ ನಿಮಿಷಗಳ ಲೆಕ್ಕ. ಮನುಷ್ಯ ಕುಸಿದು ಬೀಳುತ್ತಾನೆ, ಕರೆದರೆ ಓಗೊಡುವುದಿಲ್ಲ, ಉಸಿರು ಇರುವುದಿಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರಿನಂತೆ ಬರುತ್ತದೆ. ಎದೆ ಒತ್ತದೆ ಹೋದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಹತ್ತು ನಿಮಿಷ ಸುಮ್ಮನೆ ನಿಂತು ನೋಡಿದರೆ ಉಳಿಯುವುದು ಬಹಳ ಕಡಿಮೆ. ಕೊಡಗಿನ ಯಾವ ತೋಟಕ್ಕೂ ಹತ್ತು ನಿಮಿಷದಲ್ಲಿ ಆಂಬುಲೆನ್ಸ್ ಬರುತ್ತದೆ ಎಂದು ನಂಬಿ ಕೂರಲಾಗದು. ಆದ್ದರಿಂದ ಈ ಒಂದು ಆಪತ್ತಿನಲ್ಲಿ ಪಕ್ಕದಲ್ಲಿರುವವರ ಕೈಯೇ ಚಿಕಿತ್ಸೆ. ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ಮಡಚದೆ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೆದ್ದ ಮೇಲೆ ಮತ್ತೆ ಒತ್ತಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಹಿಂಜರಿಕೆ ಇದ್ದರೆ ಬರೀ ಒತ್ತಿದರೂ ಸಾಕು. ಭಾರತದ ಅರಿವಳಿಕೆ ತಜ್ಞರು ಸಾಮಾನ್ಯ ಜನರಿಗೆ ಕಲಿಸುತ್ತಿರುವುದೂ ಉಸಿರು ಕೊಡದ ಈ ಸರಳ ವಿಧಾನವನ್ನೇ. ಒಬ್ಬರಿಗೆ ಎರಡೇ ನಿಮಿಷದಲ್ಲಿ ಕೈ ಸೋಲುವುದರಿಂದ ಪಕ್ಕದಲ್ಲಿ ಇನ್ನೊಬ್ಬರಿಗೂ ಗೊತ್ತಿರಬೇಕು. ಕಲಿಕೆ ಮನೆಗೊಬ್ಬರಿಗೆ ಸೀಮಿತವಾದರೆ ಉಪಯೋಗ ಅರ್ಧ ಮಾತ್ರ. ಆ ಒಬ್ಬರೇ ಕುಸಿದು ಬಿದ್ದರೆ ಅದೂ ಇಲ್ಲ.

ಹತ್ತಿರದ ಆಸ್ಪತ್ರೆಯೋ, ದೊಡ್ಡ ಆಸ್ಪತ್ರೆಯೋ?

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆ ಕೆಲಸ ಮಾಡುವ ಬಗೆ ಸರಳವಾಗಿದೆ. ಎದೆನೋವಿನವರು ಸರ್ಕಾರಿ ಆಸ್ಪತ್ರೆಗೆ ಬಂದ ಕೂಡಲೇ ಇಸಿಜಿ ತೆಗೆಯುತ್ತಾರೆ. ಅದು ಜಾಲದ ಮೂಲಕ ಜಯದೇವದಂಥ ದೊಡ್ಡ ಕೇಂದ್ರದ ತಜ್ಞರಿಗೆ ತಲುಪಿ, ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ. ನಾಳ ಪೂರ್ತಿ ಕಟ್ಟಿಕೊಂಡ ಬಗೆಯ ಹೃದಯಾಘಾತ ಎಂದಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿಯ ಮದ್ದು ಅದು. ಆಮೇಲೆ ಆಂಜಿಯೋಗ್ರಾಂಗೆ ಮೇಲಿನ ಆಸ್ಪತ್ರೆಗೆ ಕಳಿಸುತ್ತಾರೆ.

ಇದರ ಅರ್ಥವನ್ನು ಕೊಡಗಿನ ರಸ್ತೆಯ ಮೇಲೆ ಇಟ್ಟು ನೋಡಬೇಕು. ವಿರಾಜಪೇಟೆ ಸುತ್ತಿನ ಒಂದು ಹಳ್ಳಿಯಿಂದ ಮೈಸೂರಿಗೆ ಹೊರಟವರು, ದಾರಿ ಖಾಲಿ ಇದ್ದರೂ, ಎರಡೂವರೆ ಮೂರು ಗಂಟೆ ಕಳೆದು ಮೊದಲ ಇಸಿಜಿ ತೆಗೆಸುತ್ತಾರೆ. ಅದೇ ವ್ಯಕ್ತಿ ತಾಲ್ಲೂಕು ಆಸ್ಪತ್ರೆಯಲ್ಲಿ ನಿಂತು, ಮದ್ದು ಹಾಕಿಸಿಕೊಂಡು, ಆಮೇಲೆ ಮೈಸೂರಿಗೆ ಹೋದರೆ ಆ ಮೂರು ಗಂಟೆಯಲ್ಲಿ ಹೃದಯಕ್ಕೆ ರಕ್ತ ಹರಿಯತೊಡಗಿರುತ್ತದೆ. ಹೆಪ್ಪು ಹಳೆಯದಾದಷ್ಟೂ ಮದ್ದಿಗೆ ಜಗ್ಗುವುದಿಲ್ಲ. 12 ಗಂಟೆಯೊಳಗೆ ಕೊಡಬಹುದು ಎಂದಿದ್ದರೂ ಹೆಚ್ಚಿನ ಲಾಭ ಸಿಗುವುದು ಮೊದಲ ಎರಡು ಮೂರು ಗಂಟೆಗಳಲ್ಲಿ. ‘ಇಲ್ಲೇನೂ ಆಗುವುದಿಲ್ಲ, ಸುಮ್ಮನೆ ಟೈಂ ವೇಸ್ಟ್’ ಎಂಬ ಊರಿನ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಈಗ ಅದನ್ನು ನಂಬಿ ಹೊರಡುವುದೇ ಸಮಯ ಕಳೆಯುವ ದಾರಿ.

ಆದರೆ ಇದಕ್ಕೊಂದು ಷರತ್ತು ಇದೆ, ಆಸ್ಪತ್ರೆಯ ಬೇಡಿಕೆ ಇಟ್ಟವರ ವಾದಕ್ಕೆ ಬಲ ಬರುವುದೂ ಇಲ್ಲೇ. ರಾತ್ರಿ ಇಸಿಜಿ ತೆಗೆಯಲು ಸಿಬ್ಬಂದಿ ಇರಬೇಕು, ಮದ್ದು ದಾಸ್ತಾನು ಇರಬೇಕು, ಕೊಡಲು ಧೈರ್ಯ ಮಾಡುವ ವೈದ್ಯರು ಇರಬೇಕು. ಈ ಮದ್ದಿನಿಂದ ರಕ್ತಸ್ರಾವದ ಅಪಾಯ ಇರುವುದರಿಂದ ಅಳುಕುವ ವೈದ್ಯರು ‘ಮೈಸೂರಿಗೇ ಹೋಗಿ’ ಎಂದು ಚೀಟಿ ಬರೆದುಕೊಟ್ಟರೆ ಇಡೀ ಯೋಜನೆ ಕಾಗದದಲ್ಲೇ ಉಳಿಯುತ್ತದೆ. ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಈ ತಿಂಗಳು ಎಷ್ಟು ಜನಕ್ಕೆ ಚುಚ್ಚುಮದ್ದು ಕೊಟ್ಟರು ಎಂಬುದನ್ನು ಆಸ್ಪತ್ರೆಯ ಗೋಡೆಯ ಮೇಲೆ ಬರೆದು ಹಾಕಿದರೆ ಜನರ ನಂಬಿಕೆಗೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಡ.

ಲಕ್ವ ಹೊಡೆದಾಗ ಲೆಕ್ಕ ಬದಲಾಗುತ್ತದೆ. ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದು, ಮಾತು ತೊದಲಿದರೆ ಕಾರಣ ಹೆಪ್ಪೂ ಇರಬಹುದು, ಮಿದುಳಿನಲ್ಲಿ ನಾಳ ಒಡೆದದ್ದೂ ಇರಬಹುದು. ಎರಡಕ್ಕೂ ಚಿಕಿತ್ಸೆ ಪೂರ್ತಿ ವಿರುದ್ಧ. ಸಿಟಿ ಸ್ಕ್ಯಾನ್ ಇಲ್ಲದೆ ಹೇಳುವಂತಿಲ್ಲ. ಹೆಪ್ಪು ಎಂದಾದರೆ ಕರಗಿಸಲು ನಾಲ್ಕೂವರೆ ಗಂಟೆಯ ಅವಧಿ ಮಾತ್ರ. ಆದ್ದರಿಂದ ಇಲ್ಲಿ ಹತ್ತಿರದ ಆಸ್ಪತ್ರೆಗಿಂತ ಹತ್ತಿರದ ಸ್ಕ್ಯಾನ್ ಮುಖ್ಯ. ಅದು ಇಪ್ಪತ್ತನಾಲ್ಕು ಗಂಟೆ ನಡೆಯುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ತಿಳಿದಿಟ್ಟುಕೊಳ್ಳಬೇಕು. ಲಕ್ಷಣ ಶುರುವಾದ ಗಂಟೆಯನ್ನು ಬರೆದಿಡಬೇಕು, ಏಕೆಂದರೆ ವೈದ್ಯರು ಕೇಳುವ ಮೊದಲ ಪ್ರಶ್ನೆಯೇ ಅದು. ಲಕ್ವಕ್ಕೆ ಆಸ್ಪಿರಿನ್ ಕೊಡಬಾರದು, ಕುಡಿಯಲು ತಿನ್ನಲು ಏನೂ ಕೊಡಬಾರದು.

ಹಾವಿನ ಕಡಿತಕ್ಕೆ ಮತ್ತೆ ಹತ್ತಿರದ ಸರ್ಕಾರಿ ಆಸ್ಪತ್ರೆಯೇ. ರಾಜ್ಯ 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಇದರಿಂದ ಎಲ್ಲಿ ಎಷ್ಟು ಪ್ರತಿವಿಷ ಬೇಕು ಎಂಬ ಲೆಕ್ಕವಾದರೂ ಸಿಗತೊಡಗುತ್ತದೆ. ನಮ್ಮಲ್ಲಿ ಸಿಗುವ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಿಸುತ್ತಾರೆ. ಕಾಫಿ ಗಿಡದ ಬುಡದಲ್ಲೂ ಏಲಕ್ಕಿ ತೋಟದಲ್ಲೂ ಕಾಣುವ ಮಲಬಾರ್ ಮಂಡಲ ಮತ್ತು ಮೊಂಡುಮೂಗಿನ ಮಂಡಲಗಳಿಗೆ ಅದು ಹೊಂದುವುದಿಲ್ಲ. ಹಾಗೆಂದು ಆಸ್ಪತ್ರೆ ಬೇಡ ಎಂದಲ್ಲ. ಕಡಿದದ್ದು ಯಾವುದೆಂದು ಗೊತ್ತಿಲ್ಲದಾಗ ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು 20 ನಿಮಿಷದ ಪರೀಕ್ಷೆ ಮಾಡಿಯೇ ತೀರ್ಮಾನಿಸುತ್ತಾರೆ. ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಕುಯ್ಯುವುದು, ಹಾವನ್ನು ಹುಡುಕಿ ಹೊಡೆದು ಚೀಲದಲ್ಲಿ ತರುವುದು ಇವೆಲ್ಲ ಸಮಯ ಹಾಳು, ಅಪಾಯವೂ ಹೌದು. ಕಡಿದ ಕೈಯನ್ನೋ ಕಾಲನ್ನೋ ಅಲುಗದಂತೆ ಪಟ್ಟಿ ಕಟ್ಟಿ, ನಡೆಸದೆ ಎತ್ತಿಕೊಂಡು ಹೋಗಬೇಕು. ಪ್ರತಿವಿಷ ತಂದು ಮನೆಯ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳೋಣ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಅದಕ್ಕೇ ಮೈ ತಿರುಗಿ ಉಸಿರು ಕಟ್ಟುವಂಥ ಅಲರ್ಜಿ ಆಗಬಹುದಾದ್ದರಿಂದ ಅದು ಆಸ್ಪತ್ರೆಯಲ್ಲೇ ಇರಬೇಕಾದ ಮದ್ದು.

ಫಾರ್ವರ್ಡ್ ಆಗುವ ಮದ್ದುಗಳು

ಹಾಸನದ ಸುದ್ದಿಯ ಕಾಲದಲ್ಲಿ ಅತಿ ಹೆಚ್ಚು ಓಡಾಡಿದ್ದು ‘ಜೀವ ಉಳಿಸುವ ಕಿಟ್’ ಎಂಬ ವಾಟ್ಸ್ಯಾಪ್ ಸಂದೇಶಗಳು. ಅದರಲ್ಲಿರುವ ಆಸ್ಪಿರಿನ್ ವಿಚಾರದಲ್ಲಿ ಹುರುಳಿದೆ. ಹೃದಯಾಘಾತವೇ ಎಂಬ ಬಲವಾದ ಅನುಮಾನ ಇದ್ದು, ಆಸ್ಪಿರಿನ್ ಅಲರ್ಜಿ ಇಲ್ಲದೆ, ಹೊಟ್ಟೆಯಲ್ಲಿ ಹುಣ್ಣು ಅಥವಾ ರಕ್ತಸ್ರಾವದ ತೊಂದರೆ ಇಲ್ಲದವರು 300 ಮಿಲಿಗ್ರಾಂನಷ್ಟನ್ನು ಇಡಿಯಾಗಿ ನುಂಗದೆ ಅಗಿದು ನುಂಗಿದರೆ ಲಾಭವಿದೆ. 108ಕ್ಕೆ ಕರೆ ಮಾಡಿ ಕೇಳಿಯೇ ಕೊಡುವುದು ಇನ್ನೂ ಒಳ್ಳೆಯದು. ನಾಲಿಗೆ ಕೆಳಗೆ ಇಡುವ ಸಾರ್ಬಿಟ್ರೇಟ್ ಹಾಗಲ್ಲ. ಅದು ರಕ್ತದೊತ್ತಡವನ್ನು ಸರ್ರನೆ ಇಳಿಸುತ್ತದೆ. ಬಿಪಿ ಆಗಲೇ ಕುಸಿದವರಿಗೆ, ಹೃದಯದ ಬಲಭಾಗಕ್ಕೆ ಪೆಟ್ಟಾದವರಿಗೆ, ವಯಾಗ್ರಾದಂಥ ಮಾತ್ರೆ ತೆಗೆದುಕೊಂಡವರಿಗೆ ಕೊಟ್ಟರೆ ಪ್ರಾಣಕ್ಕೇ ಕುತ್ತು. ವೈದ್ಯರು ಆ ವ್ಯಕ್ತಿಗೇ ಬರೆದುಕೊಟ್ಟಿದ್ದರೆ ಮಾತ್ರ ಅದು ಮನೆಯಲ್ಲಿ ಇರಲಿ.

ಜೋರಾಗಿ ಕೆಮ್ಮಿದರೆ ಹೃದಯಾಘಾತ ತಪ್ಪುತ್ತದೆ, ಲಕ್ವ ಬಂದವರ ಬೆರಳ ತುದಿಗೆ ಸೂಜಿ ಚುಚ್ಚಬೇಕು, ಅಪಸ್ಮಾರ ಬಂದವರ ಕೈಗೆ ಕಬ್ಬಿಣ ಕೊಡಬೇಕು ಎಂಬ ಸಲಹೆಗಳಿಗೆ ಹೆಚ್ಚು ಜಾಗ ಕೊಡಬೇಕಿಲ್ಲ. ಮೂರಕ್ಕೂ ಆಧಾರವಿಲ್ಲ. ಅಪಸ್ಮಾರಕ್ಕೆ ಬೇಕಾದದ್ದು ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ಪಕ್ಕಕ್ಕೆ ಮಲಗಿಸಿ, ಎಷ್ಟು ಹೊತ್ತು ನಡುಗಿದರು ಎಂದು ಗಡಿಯಾರ ನೋಡುವುದು. ಐದು ನಿಮಿಷ ದಾಟಿದರೆ ಆಸ್ಪತ್ರೆ.

ಮನೆಯೂ ಅದೇ, ಕೆಲಸದ ಜಾಗವೂ ಅದೇ

‘ಮನೆಯಲ್ಲಿ ಸಿದ್ಧತೆ’, ‘ಕೆಲಸದ ಜಾಗದಲ್ಲಿ ಸಿದ್ಧತೆ’ ಎಂದು ಎರಡು ಭಾಗ ಮಾಡುವುದು ಪಟ್ಟಣದ ಆಫೀಸಿಗೆ ಸರಿ. ಕೊಡಗಿನಲ್ಲಿ ಆ ಗೆರೆ ಎಳೆಯುವುದು ಕಷ್ಟ. ತೋಟದ ಕಾರ್ಮಿಕರು ಇರುವುದು ತೋಟದೊಳಗಿನ ಲೈನ್‌ಮನೆಯಲ್ಲಿ. ಮಾಲೀಕರ ಮನೆಯೂ ಬಹುಪಾಲು ಅದೇ ಗೇಟಿನ ಒಳಗೆ. ಹೋಂಸ್ಟೇ ನಡೆಸುವವರಿಗೆ ಅಡುಗೆಮನೆಯೇ ಉದ್ಯೋಗದ ಜಾಗ. ಮಕ್ಕಳೆಲ್ಲ ಬೆಂಗಳೂರಿನಲ್ಲಿ ನೆಲೆಸಿ, ಎಪ್ಪತ್ತು ದಾಟಿದ ದಂಪತಿ ಮಾತ್ರ ಉಳಿದ ಮನೆಗಳಲ್ಲಿ ಅವರಿಗೆ ತುರ್ತಿನಲ್ಲಿ ಓಡಿ ಬರುವ ಮೊದಲ ವ್ಯಕ್ತಿ ತೋಟದ ಲೆಕ್ಕ ನೋಡುವ ರೈಟರ್ ಅಥವಾ ಲೈನಿನ ಯಾರೋ ಒಬ್ಬರು. ಹೀಗಾಗಿ ಕಾರ್ಮಿಕರಿಗೆ ಪ್ರಥಮ ಚಿಕಿತ್ಸೆ ಕಲಿಸುವುದು ಮಾಲೀಕರ ಉಪಕಾರವೇನಲ್ಲ, ಅವರ ಸ್ವಂತ ವಿಮೆಯೂ ಹೌದು.

ಕಾನೂನು ಇದನ್ನು ಅರ್ಧ ಮಾತ್ರ ನೋಡಿದೆ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ ವೈದ್ಯಕೀಯ ಸೌಲಭ್ಯವನ್ನು ಮಾಲೀಕರ ಹೊಣೆ ಎಂದಿತ್ತು. ಮಾಲೀಕರು ಕೊಟ್ಟ ಮನೆ ಕುಸಿದು ಕಾರ್ಮಿಕರಿಗೆ ಪೆಟ್ಟಾದರೆ ಪರಿಹಾರವನ್ನೂ ಹೇಳಿತ್ತು. ಆದರೆ ಕಾಫಿಯ ಮಟ್ಟಿಗೆ ಆ ಕಾಯ್ದೆ ಅನ್ವಯವಾಗುತ್ತಿದ್ದುದು 5 ಹೆಕ್ಟೇರ್ ಅಥವಾ ಹೆಚ್ಚು ವಿಸ್ತೀರ್ಣವಿದ್ದು, 15 ಅಥವಾ ಹೆಚ್ಚು ಜನ ದುಡಿಯುವ ತೋಟಗಳಿಗೆ. ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಸಣ್ಣವು. ನಾಲ್ಕೈದು ಕಾಯಂ ಆಳುಗಳಿದ್ದು, ಕುಯ್ಲಿಗೆ ಮಾತ್ರ ಹೊರಗಿನಿಂದ ಗುಂಪು ಬರುವ ತೋಟ ಈ ಲೆಕ್ಕಕ್ಕೆ ಸಿಕ್ಕುತ್ತಲೇ ಇರಲಿಲ್ಲ.

ಈಗ ಆ ಕಾಯ್ದೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆಯೊಳಗೆ ಸೇರಿಹೋಗಿದೆ. ಕೆಲಸದ ಹೊತ್ತಿನಲ್ಲಿ ಕೈಗೆಟುಕುವಂತೆ ಪ್ರಥಮ ಚಿಕಿತ್ಸಾ ಪೆಟ್ಟಿಗೆ ಇರಬೇಕು, ನಿಗದಿತ ವರ್ಗದ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ತಪಾಸಣೆ ಆಗಬೇಕು ಎನ್ನುತ್ತದೆ ಸಂಹಿತೆ. 40 ದಾಟಿದವರಿಗೆ ಈ ತಪಾಸಣೆ ಎಂದು ಕೇಂದ್ರ ಸರ್ಕಾರ ಪ್ರಚಾರ ಮಾಡಿದೆ. ಪ್ಲಾಂಟೇಷನ್ ಮಾಲೀಕರು ಬಯಸಿದರೆ ಕಾರ್ಮಿಕರನ್ನು ಇಎಸ್‌ಐ ಎಂಬ ಕಾರ್ಮಿಕರ ವಿಮಾ ಯೋಜನೆಗೆ ಸೇರಿಸುವ ಅವಕಾಶವೂ ಹೊಸತು. ಕಾರ್ಮಿಕ ಸಂಘಟನೆಗಳ ಆಕ್ಷೇಪ ಎಂದರೆ, ಹಳೆಯ ಕಾಯ್ದೆಯಲ್ಲಿ ಸ್ಪಷ್ಟವಾಗಿದ್ದ ಹೊಣೆಗಳು ಈಗ ‘ನಿಯಮದಲ್ಲಿ ಹೇಳಿದಂತೆ’ ಎಂಬ ಮಾತಿನೊಳಗೆ ಸರಿದಿವೆ. ಬೆಳೆಗಾರರದ್ದು ಬೇರೆ ಅಳಲು: ಆಳುಗಳ ಕೊರತೆ, ಬೆಲೆಯ ಏರಿಳಿತ, ಅದರ ಮೇಲೆ ಇನ್ನೊಂದು ರಿಜಿಸ್ಟರು. ಎರಡೂ ನಿಜ. ಆದರೆ ಇಬ್ಬರ ಜಗಳವೂ ಕೆಲಸದ ಹೊತ್ತಿನ ಮೇಲೆ ನಡೆಯುತ್ತಿದೆ. ಲೈನ್‌ಮನೆಯ ರಾತ್ರಿಯ ಬಗ್ಗೆ ಯಾರೂ ಮಾತೆತ್ತುವುದಿಲ್ಲ.

ರಾತ್ರಿ ಎಂದರೆ ಹೀಗೆ: ಸಂಜೆ ಆರಕ್ಕೆ ಕೆಲಸ ಮುಗಿದ ಮೇಲೆ ತೋಟದ ಜೀಪಿನ ಕೀ ಮಾಲೀಕರ ಮನೆಯ ಮೊಳೆಯಲ್ಲಿ ನೇತಾಡುತ್ತಿರುತ್ತದೆ. ಮಾಲೀಕರು ಆ ವಾರ ಬೆಂಗಳೂರಿನಲ್ಲಿ. ಗೇಟಿಗೆ ಬೀಗ. ಆನೆ ಓಡಾಟದ ಭಯಕ್ಕೆ ಲೈನಿನವರು ಕತ್ತಲಾದ ಮೇಲೆ ಹೊರಗೆ ಕಾಲಿಡುವುದಿಲ್ಲ. ಅಸ್ಸಾಂನಿಂದ ಬಂದ ಕಾರ್ಮಿಕನ ಹೆಂಡತಿಗೆ ಹೆರಿಗೆ ನೋವು ಶುರುವಾದರೆ, 108ಕ್ಕೆ ಕರೆ ಮಾಡಿದ ಅವನಿಗೆ ತಾನಿರುವ ಜಾಗದ ಹೆಸರನ್ನು ಕನ್ನಡದಲ್ಲಿ ಹೇಳಲು ಬರುವುದಿಲ್ಲ. ಇಲ್ಲಿ ಪ್ರಥಮ ಚಿಕಿತ್ಸಾ ಪೆಟ್ಟಿಗೆಗಿಂತ ಮೊದಲು ಬೇಕಾದದ್ದು ಕೀ ಯಾರ ಹತ್ತಿರ, ಗೇಟು ತೆಗೆಯುವವರು ಯಾರು, ಡ್ರೈವಿಂಗ್ ಬರುವವರು ಯಾರು ಎಂಬ ಮೂರು ಹೆಸರು. ತೋಟದ ಹೆಸರು, ಹತ್ತಿರದ ಬಸ್ ಸ್ಟಾಪು, ಮುಖ್ಯರಸ್ತೆಯಿಂದ ಎಷ್ಟು ದೂರ ಎಂಬುದನ್ನು ಲೈನ್‌ಮನೆಯ ಗೋಡೆಗೆ ಕನ್ನಡದಲ್ಲೂ ಅವರು ಓದುವ ಅಕ್ಷರದಲ್ಲೂ ಬರೆದು ಅಂಟಿಸುವುದಕ್ಕೆ ಯಾವ ಸಂಹಿತೆಯೂ ಬೇಕಿಲ್ಲ.

ಏಣಿ, ತಂತಿ, ಮರ

ಮೆಣಸು ಕುಯ್ಲಿನ ಕಾಲಕ್ಕೆ, ಫೆಬ್ರವರಿಯ ಆಸುಪಾಸಿನಿಂದ ಮುಂದಕ್ಕೆ, ಕೊಡಗಿನ ತೋಟಗಳಲ್ಲಿ ಬೇರೆಯೇ ಬಗೆಯ ಆಪತ್ತುಗಳು ಎದುರಾಗುತ್ತವೆ. ಬಿದಿರಿನ ಏಣಿಯ ಜಾಗಕ್ಕೆ ಅಲ್ಯೂಮಿನಿಯಂ ಏಣಿ ಬಂದು ಹೊರೆ ಹಗುರವಾಯಿತು. ಆದರೆ ಬಿದಿರಿನಂತಲ್ಲದೆ ಅಲ್ಯೂಮಿನಿಯಂನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಸಿಲ್ವರ್ ಮರದಿಂದ ಮರಕ್ಕೆ ಏಣಿಯನ್ನು ನಿಲ್ಲಿಸಿಕೊಂಡೇ ಸಾಗಿಸುವಾಗ ಅದರ ತುದಿ ತೋಟದ ಮೇಲೆ ಹಾದ ತಂತಿಗೆ ತಾಗುತ್ತದೆ. ಹಿಡಿದವನ ಕೈ ಬಿಡುವುದಿಲ್ಲ, ಬಿಡಿಸಲು ಹೋದವನೂ ಅಂಟಿಕೊಳ್ಳುತ್ತಾನೆ. ಇಂಥ ಸುದ್ದಿ ಜಿಲ್ಲೆಯ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ.

ಮನೆಯೊಳಗಿನ ಶಾಕ್ ಆದರೆ ಮೇನ್ ಸ್ವಿಚ್ ಆರಿಸಿ, ಒಣಗಿದ ಕಟ್ಟಿಗೆಯಿಂದ ಬಿಡಿಸಬಹುದು. ಹೈಟೆನ್ಷನ್ ತಂತಿಗೆ ಆ ಉಪಾಯ ಸಲ್ಲದು. ಅಷ್ಟು ಒತ್ತಡದಲ್ಲಿ ಕಟ್ಟಿಗೆಯೂ ಕಾಯುವುದಿಲ್ಲ, ಸುತ್ತಲಿನ ಒದ್ದೆ ನೆಲದಲ್ಲೂ ವಿದ್ಯುತ್ ಹರಿದಿರುತ್ತದೆ. ದೂರ ನಿಂತು ವಿದ್ಯುತ್ ಕಂಪನಿ ಚೆಸ್ಕಾಂನ 1912ಕ್ಕೂ ಸ್ಥಳೀಯ ಲೈನ್‌ಮನ್‌ಗೂ ಕರೆ ಮಾಡಿ ಲೈನ್ ಆಫ್ ಮಾಡಿಸಿದ ಮೇಲೆಯೇ ಹತ್ತಿರ ಹೋಗಬೇಕು. ಲೈನ್‌ಮನ್ ನಂಬರು ರೈಟರ್‌ನ ಫೋನಿನಲ್ಲಿ ಇಲ್ಲದಿದ್ದರೆ ಆ ಹತ್ತು ನಿಮಿಷ ಯಾರೂ ಏನೂ ಮಾಡಲಾಗದು. ಲೈನ್ ಆಫ್ ಆದ ಕೂಡಲೇ ಉಸಿರಿಲ್ಲದವರಿಗೆ ಎದೆ ಒತ್ತಲು ಶುರು ಮಾಡಬೇಕು. ಶಾಕ್‌ನಿಂದ ಹೃದಯ ನಿಂತವರು ಬಹುತೇಕ ದುಡಿಯುವ ವಯಸ್ಸಿನವರು, ಹೃದಯ ಮೊದಲು ಆರೋಗ್ಯವಾಗಿಯೇ ಇದ್ದವರು. ಒತ್ತುವುದರಿಂದ ಫಲ ಸಿಗುವ ಸಾಧ್ಯತೆ ಇಲ್ಲಿ ಹೆಚ್ಚು.

ಏಣಿಯಿಂದ ಬಿದ್ದವರನ್ನು ನಾಲ್ಕು ಜನ ಕೈಕಾಲು ಹಿಡಿದು ಎತ್ತಿ ಜೀಪಿನ ಹಿಂದೆ ಮಡಚಿ ಕೂರಿಸುವುದು ಸಾಮಾನ್ಯ ದೃಶ್ಯ. ಬೆನ್ನುಮೂಳೆ ಮುರಿದಿದ್ದರೆ ಆ ಎತ್ತುವಿಕೆಯಲ್ಲೇ ಕಾಲಿನ ಸ್ವಾಧೀನ ಶಾಶ್ವತವಾಗಿ ಹೋಗಬಹುದು. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿ ಇರುವಂತೆ ಹಲಗೆಯ ಮೇಲೆ ಉರುಳಿಸಿ ಸಾಗಿಸಬೇಕು. ಹಲಗೆಗೆ ಅಂಗಡಿಗೆ ಹೋಗಬೇಕಿಲ್ಲ, ಗೋಡೌನಿನ ಹಳೆಯ ಬಾಗಿಲೂ ಆದೀತು. ಇದನ್ನು ಕುಯ್ಲಿನ ಮೊದಲ ದಿನ ಅರ್ಧ ಗಂಟೆ ಎಲ್ಲರ ಎದುರು ಮಾಡಿ ತೋರಿಸಬೇಕು. ಬಾಯಲ್ಲಿ ಹೇಳಿದರೆ ನೆನಪಿರುವುದಿಲ್ಲ.

ಎಇಡಿ ಎಲ್ಲಿ ಬೇಕು, ಎಲ್ಲಿ ಬೇಡ

ಎಇಡಿ ಯಂತ್ರ ಹೃದಯದ ಲಯ ನೋಡಿ, ಬೇಕಿದ್ದರೆ ಮಾತ್ರ ಶಾಕ್ ಕೊಡುತ್ತದೆ. ಸಾಮಾನ್ಯರೂ ಬಳಸಬಹುದು. ಬೆಲೆ ಲಕ್ಷದ ಆಸುಪಾಸು, ಬ್ಯಾಟರಿಗೂ ಪ್ಯಾಡಿಗೂ ಅವಧಿ ಇದೆ. ನೂರಾರು ಜನ ಒಟ್ಟಿಗೆ ಸೇರುವ ಮಡಿಕೇರಿಯ ಬಸ್ ನಿಲ್ದಾಣ, ರಾಜಾಸೀಟ್, ಮೆಟ್ಟಿಲು ಹತ್ತಿಳಿಯಬೇಕಾದ ಅಬ್ಬಿ ಜಲಪಾತ, ದುಬಾರೆ, ತಲಕಾವೇರಿಯಂಥ ಕಡೆ ಅದಕ್ಕೆ ಅರ್ಥವಿದೆ. ಬೀಗ ಹಾಕಿದ ಕಚೇರಿಯೊಳಗೆ ಇಟ್ಟರೆ ಅರ್ಥವಿಲ್ಲ. ಇಪ್ಪತ್ತು ಜನರ ತೋಟಕ್ಕೆ ಅದೇ ದುಡ್ಡಿನಲ್ಲಿ ಬಿಪಿ ಮೀಟರ್, ಸಕ್ಕರೆ ನೋಡುವ ಯಂತ್ರ, ಒಂದು ಗಟ್ಟಿ ಸ್ಟ್ರೆಚರ್ ಕೊಂಡು, ವರ್ಷಕ್ಕೊಮ್ಮೆ ರೆಡ್‌ಕ್ರಾಸ್‌ನಂಥವರಿಂದ ತರಬೇತಿ ಕೊಡಿಸಿದರೂ ದುಡ್ಡು ಮಿಗುತ್ತದೆ. ಹಾಸನದ ವರದಿ ತೋರಿಸಿದ್ದೂ ಅದನ್ನೇ: ಕುಸಿಯುವ ಮೊದಲೇ ಕಾಣಬಹುದಾದ ಬಿಪಿ, ಸಕ್ಕರೆಯಂಥ ಹಿನ್ನೆಲೆ ಸತ್ತವರಲ್ಲಿ ಹಲವರಿಗೆ ಇತ್ತು.

ಕರೆ ಮತ್ತು ಮಳೆ

108 ಆರೋಗ್ಯ ಕವಚ 2008ರ ನವೆಂಬರ್ 1ರಿಂದ ರಾಜ್ಯದಲ್ಲಿದೆ. 112ಕ್ಕೆ ಮಾಡಿದರೂ ಸಹಾಯ ಸಿಗುತ್ತದೆ. ಕರೆ ಮಾಡಿದವರು ಗಾಬರಿಯಲ್ಲಿ ಫೋನ್ ಇಟ್ಟುಬಿಡುವುದು ಸಾಮಾನ್ಯ. ಹೋಬಳಿ, ಊರು, ರಸ್ತೆಯಿಂದ ಕಾಣುವ ಗುರುತು, ರೋಗಿಗೆ ಪ್ರಜ್ಞೆ ಇದೆಯೇ, ಉಸಿರಿದೆಯೇ ಎಂಬುದನ್ನು ಹೇಳಿ, ಅತ್ತಲಿನವರು ಸಾಕು ಎನ್ನುವವರೆಗೆ ಲೈನಿನಲ್ಲಿರಬೇಕು. ಒಬ್ಬರು ಟಾರ್ಚ್ ಹಿಡಿದು ಮುಖ್ಯರಸ್ತೆಗೆ ಹೋಗಿ ನಿಲ್ಲಬೇಕು. ಕಾಫಿ ತೋಟದ ಒಳರಸ್ತೆಗಳಲ್ಲಿ ಆಂಬುಲೆನ್ಸ್ ದಾರಿ ತಪ್ಪಿದರೆ ತಿರುಗಿಸಲೂ ಜಾಗವಿರುವುದಿಲ್ಲ. ರೋಗಿಯನ್ನು ಜೀಪಿನಲ್ಲಿ ಮುಖ್ಯರಸ್ತೆವರೆಗೆ ತಂದು ಅಲ್ಲಿ ಆಂಬುಲೆನ್ಸ್‌ಗೆ ಸೇರಿಸುವುದು ಎಷ್ಟೋ ಸಲ ಬೇಗ ಆಗುತ್ತದೆ.

ಕಕ್ಕಡದ, ಅಂದರೆ ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳಿನ ಮಳೆಯಲ್ಲಿ ಇವೆಲ್ಲ ಇನ್ನಷ್ಟು ಬಿಗಡಾಯಿಸುತ್ತವೆ. ಕರೆಂಟು ಹೋಗುತ್ತದೆ, ಅದರ ಹಿಂದೆ ಟವರ್, ಅದರ ಹಿಂದೆ ಫೋನ್. 2018ರ ಆಗಸ್ಟ್‌ನಲ್ಲಿ ಭೂಕುಸಿತವಾಗಿ ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಬಂದ್ ಆಯಿತು. 2024ರ ಜುಲೈನಲ್ಲಿ ಕರ್ತೋಜಿ ಬಳಿ ಬಿರುಕು ಕಂಡು ಅದೇ ದಾರಿಯಲ್ಲಿ ರಾತ್ರಿ ಸಂಚಾರ ನಿರ್ಬಂಧಿಸಿದರು. ಭಾಗಮಂಡಲ, ನಾಪೋಕ್ಲು, ಕರಡಿಗೋಡು ಸುತ್ತ ಕಾವೇರಿ ಉಕ್ಕಿದರೆ ಒಳದಾರಿಗಳೂ ಇಲ್ಲ. ಡಯಾಲಿಸಿಸ್ ಮಾಡಿಸುವವರು, ಆಕ್ಸಿಜನ್ ಯಂತ್ರದ ಮೇಲಿರುವವರು, ಹೆರಿಗೆ ದಿನ ಹತ್ತಿರ ಬಂದವರು ಮಳೆ ಜೋರಾಗುವ ಮೊದಲೇ ಪೇಟೆಯ ನೆಂಟರ ಮನೆಗೆ ಬಂದಿರುವುದು ಜಾಣತನ. ಇನ್ಸುಲಿನ್, ಬಿಪಿ, ಅಪಸ್ಮಾರದ ಮಾತ್ರೆಗಳು ಕನಿಷ್ಠ ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಬೇಕು. ಮಂಗಳೂರಿನ ದಾರಿ ಮುಚ್ಚಿದರೆ ಮೈಸೂರು, ಅದೂ ಮುಚ್ಚಿದರೆ ಹಾಸನ ಎಂಬ ಎರಡನೇ ಮೂರನೇ ಆಯ್ಕೆ ಜಿಲ್ಲಾಡಳಿತದ ಕಡತದಲ್ಲಿ ಇದ್ದರೆ ಸಾಲದು, ಕಾರು ಓಡಿಸುವವರಿಗೂ ಗೊತ್ತಿರಬೇಕು.

ಸಹಾಯ ಮಾಡಿದವರಿಗೆ ತೊಂದರೆಯಾಗುತ್ತದೆಯೇ?

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸ್, ಕೋರ್ಟು ಎಂಬ ಭಯ ಹಳೆಯದು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಸಹಾಯಕರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ಇದಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನೇ ತಂದ ಮೊದಲ ರಾಜ್ಯ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಇದೇ ರಕ್ಷಣೆಯ 134ಎ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸ್ ಹಾಕುವಂತಿಲ್ಲ, ಹೆಸರು ಹೇಳಿ ಎಂದು ಒತ್ತಾಯಿಸುವಂತಿಲ್ಲ. ಮುಂಗಡ ಕಟ್ಟಿದರೆ ಮಾತ್ರ ಒಳಗೆ ಎಂದು ಆಸ್ಪತ್ರೆಗಳೂ ಹೇಳುವಂತಿಲ್ಲ. ತುರ್ತು ಚಿಕಿತ್ಸೆ ಪ್ರತಿ ವೈದ್ಯರ ಕರ್ತವ್ಯ ಎಂದು 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೂ ಅದನ್ನೇ ಹೇಳುತ್ತದೆ. ಆದರೂ ರೇಷನ್ ಕಾರ್ಡ್, ಆಧಾರ್, ಹಳೆಯ ಇಸಿಜಿ, ತಿನ್ನುತ್ತಿರುವ ಮಾತ್ರೆಗಳ ಪಟ್ಟಿ ಒಂದೇ ಕವರಿನಲ್ಲಿ ಬಾಗಿಲ ಬಳಿ ಇದ್ದರೆ ಕೌಂಟರಿನಲ್ಲಿ ವಾದ ಮಾಡುವ ಹೊತ್ತು ಉಳಿಯುತ್ತದೆ.

ಮುಂದೆ ನೋಡಬೇಕಾದದ್ದು

ಕಾರ್ಮಿಕ ಸಂಹಿತೆಯ ಕೆಳಗೆ ರಾಜ್ಯದ ನಿಯಮಗಳು ಸಣ್ಣ ತೋಟಗಳನ್ನು, ಕುಯ್ಲಿಗೆ ಬರುವ ವಲಸೆ ಗುಂಪುಗಳನ್ನು, ಹೋಂಸ್ಟೇಗಳನ್ನು ಹೇಗೆ ನೋಡುತ್ತವೆ ಎಂಬುದು ಮೊದಲ ಪ್ರಶ್ನೆ. ಅವು ಹತ್ತು, ಹದಿನೈದು ಜನರ ಗಡಿಗೇ ನಿಂತರೆ ಕೊಡಗಿನ ಬಹುಪಾಲು ತೋಟಗಳು ಕಾನೂನಿನ ಹೊರಗೇ ಉಳಿಯುತ್ತವೆ, ಹೊಣೆ ಪಂಚಾಯಿತಿ ಮತ್ತು ಬೆಳೆಗಾರರ ಸಂಘಗಳ ಇಚ್ಛೆಗೆ ಬೀಳುತ್ತದೆ. ಎರಡನೆಯದು ಹೃದಯ ಜ್ಯೋತಿಯದ್ದು. ತಾಲ್ಲೂಕು ಆಸ್ಪತ್ರೆಗಳಲ್ಲಿ ರಾತ್ರಿಯೂ ಇಸಿಜಿ ತೆಗೆದು ಮದ್ದು ಕೊಡುವುದು ರೂಢಿಯಾದರೆ ಜಿಲ್ಲೆಯಲ್ಲಿ ಆಂಜಿಯೋಗ್ರಾಂ ಮಾಡುವ ಕ್ಯಾಥ್‌ಲ್ಯಾಬ್ ಬೇಕೆಂಬ ಬೇಡಿಕೆ ಸಡಿಲವಾಗುವುದಿಲ್ಲ, ಬಲವಾಗುತ್ತದೆ. ಹೆಪ್ಪು ಕರಗಿದವರಿಗೂ 24 ಗಂಟೆಯೊಳಗೆ ಆಂಜಿಯೋಗ್ರಾಂ ಆಗಬೇಕು. ಎಷ್ಟು ಜನ ಹಾಗೆ ಬದುಕಿ ಘಾಟಿ ಇಳಿದರು, ಎಷ್ಟು ಜನ ಗಡುವು ದಾಟಿ ತಲುಪಿದರು ಎಂಬ ಲೆಕ್ಕ ಆಗ ತಾಲ್ಲೂಕು ಆಸ್ಪತ್ರೆಯ ರಿಜಿಸ್ಟರಿನಲ್ಲೇ ಇರುತ್ತದೆ. 2019ರಲ್ಲಿ ಆಸ್ಪತ್ರೆ ಕೇಳಿದವರ ಕೈಯಲ್ಲಿ ಆ ಲೆಕ್ಕ ಇರಲಿಲ್ಲ.